ಕೊರಿಯಾದ ಹೊಲದ ಸರ್ವೆ ನಂಬರ್

ನಮ್ಮ ಅಜ್ಜಿ ಟಿ.ವಿ. ಮುಂದೆ ಸುಮ್ಮನೆ ಬಂದು ಕೂರುವವಳಲ್ಲ. ಮುಖ ತೊಳೆದು, ವಿಭೂತಿ ಹಚ್ಚಿ, ಸೆರಗು ಸರಿಮಾಡಿಕೊಂಡು, ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ಆಮೇಲೆ "ಹೂಂ, ಹಾಕು" ಅನ್ನುತ್ತಾಳೆ.

"ಅವರಿಗೆ ನಾವು ಕಾಣಲ್ಲ ಅಜ್ಜಿ" ಅಂತ ಒಮ್ಮೆ ಹೇಳಿದ್ದೆ.

"ಕಾಣಲ್ಲ ಅಂತ ನೀನು ಒಳಗೆ ಹೋಗಿ ನೋಡಿ ಬಂದೀಯೇನು?" ಅಂದಳು.

ನಮ್ಮ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಬರಗಾಲವಿಲ್ಲ. ಒಂದನ್ನು ಒಗೆದು ಹರವುವಷ್ಟರಲ್ಲಿ ಇನ್ನೊಂದು ಬಕೆಟ್ಟಿಗೆ ಬಿದ್ದಿರುತ್ತದೆ. ಹೊರಗೆ ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಮನೆಯೊಳಗೆ ಬಾಯಿ ಬಿಟ್ಟು ಕೆಟ್ಟ ಕಥೆ ಇದು.

೧. ಮಂಡಕ್ಕಿ, ಮಿರ್ಚಿ, ಏಕಾಂತ

ವಿದ್ಯಾನಗರದ ಒಂದು ಕಾಲೇಜಿನ ಆಫೀಸಿನಲ್ಲಿ ನನ್ನ ಕೆಲಸ. ವಾರಕ್ಕೆ ಆರು ದಿನ "ಹೂಂ ಸರ್", "ಆಯ್ತು ಸರ್" ಇವೆರಡರಲ್ಲೇ ಬದುಕು ಸಾಗಿಸುತ್ತೇನೆ. ಭಾನುವಾರ ಸಂಜೆ ನಾಲ್ಕರಿಂದ ಒಂದು ತಾಸು ಮಾತ್ರ ನನ್ನದು ಅಂತ ಈ ವರ್ಷ ಪ್ಲಾನ್ ಮಾಡಿದೆ. ಹದಿನಾರು ಭಾಗದ ಒಂದು ಕೊರಿಯಾ ಸೀರಿಯಲ್. ವಾರಕ್ಕೆ ಒಂದೇ ಭಾಗ, ಜೊತೆಗೆ ಮೂಲೆ ಗಾಡಿಯ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ. ಅಪ್ಪ ಊಟ ಮಾಡಿ ಮಲಗಿದರೆ ಐದೂವರೆಗೇ ಏಳುವುದು. ಅಮ್ಮ ಮಹಿಳಾ ಸಂಘಕ್ಕೆ ಹೋಗಿರುತ್ತಾಳೆ.

ಮೊದಲ ಭಾನುವಾರ ಮೊದಲ ಮಿರ್ಚಿ ಕಚ್ಚುವಷ್ಟರಲ್ಲಿ ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು.

"ಯಾವ ಊರಿಂದು ಇದು?" ಅಂದಳು ಅಜ್ಜಿ.

"ಕೊರಿಯಾ."

"ಅಂದ್ರೆ ಎಲ್ಲಿಗೆ ಬಂತು?"

"ಚೀನಾ ದಾಟಿ ಆ ಕಡೆ."

"ಬಾಳ ದೂರದಿಂದ ಬಂದಾರೆ ಪಾಪ. ಏನಂತಾಳೆ ಆಕಿ?"

ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರೆದು ಬರುತ್ತದೆ. ಅದನ್ನು ಓದಿ ಓದಿ ಹೇಳತೊಡಗಿದೆ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ. ಟಿ.ವಿ.ಯಲ್ಲಿ ಬಣ್ಣ ಓಡಾಡಿದ್ದು ಕಾಣುತ್ತದೆ, ಮುಖ ಕಾಣುವುದಿಲ್ಲ. ನನ್ನ ಮಾತೇ ಅವಳಿಗೆ ಸೀರಿಯಲ್ಲು. ಒಂದು ತಾಸು ಮುಗಿದಾಗ ನನ್ನ ಗಂಟಲು ಒಣಗಿತ್ತು, ಮಂಡಕ್ಕಿ ಮೆತ್ತಗಾಗಿತ್ತು. ಮಿರ್ಚಿಯನ್ನು ಮಾತ್ರ ಅಜ್ಜಿ ಹಾಳಾಗಲು ಬಿಟ್ಟಿರಲಿಲ್ಲ.

೨. ಹೊಲ ಹುಟ್ಟಿದ್ದು

ಮೂರನೇ ಭಾಗದವರೆಗೆ ನಾನು ಪ್ರಾಮಾಣಿಕಳಾಗಿಯೇ ಇದ್ದೆ. ಹೀರೋ ದೊಡ್ಡ ಆಸ್ಪತ್ರೆಯ ಸರ್ಜನ್. ಹೀರೋಯಿನ್ ಅದೇ ಆಸ್ಪತ್ರೆಯ ನರ್ಸ್. ಮೂರನೇ ಭಾಗದ ಕೊನೆಗೆ ಹಿಮ ಬೀಳುತ್ತಿತ್ತು, ಇಬ್ಬರೂ ಛತ್ರಿ ಕೆಳಗೆ ನಿಂತಿದ್ದರು. ಇದ್ದಕ್ಕಿದ್ದಂತೆ ಹೀರೋ ಬಗ್ಗಿದ.

ಸದ್ದಿಲ್ಲ. ವಯಲಿನ್ ಮಾತ್ರ.

"ಯಾಕ ಸುಮ್ನಾದ್ರು?" ಅಂದಳು ಅಜ್ಜಿ.

ನನ್ನ ಕಿವಿ ಬಿಸಿಯಾಯಿತು. "ಅವನು... ಕಿವಿಯಲ್ಲಿ ಗುಟ್ಟು ಹೇಳ್ತಿದ್ದಾನೆ ಅಜ್ಜಿ."

"ಏನು ಗುಟ್ಟು?"

ಅಜ್ಜಿಯ ತವರು ಭಾನುವಳ್ಳಿ. ಅಲ್ಲಿಯ ಮಾತೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ನನಗೂ ಅದೇ ಹೊಳೆಯಿತು. "ಹೊಲದ ಪಾಲಿಂದು."

ಅಜ್ಜಿ ನೆಟ್ಟಗೆ ಕೂತಳು. "ಹೊಲ ಐತೇನು ಅವನಿಗೆ? ಮೊದ್ಲೇ ಹೇಳಬಾರದಾ! ಕಾಲುವೆ ನೀರು ಬರ್ತೈತೇನು?"

"ಬರ್ತಿತ್ತಂತೆ. ಚಿಕ್ಕಪ್ಪ ತೂಬು ಮುಚ್ಚಿಸಿದ್ದಾನಂತೆ."

ವಯಲಿನ್ ನಿಲ್ಲಲಿಲ್ಲ. ಆ ಹೀರೋನೂ ನಿಲ್ಲಿಸಲಿಲ್ಲ.

"ಇಷ್ಟೊತ್ತು ಏನು ಹೇಳ್ತಾನೆ?"

"ಸರ್ವೆ ನಂಬರ್ ಅಜ್ಜಿ. ಒಂದೊಂದಾಗಿ ಹೇಳ್ತಿದ್ದಾನೆ."

ಅಲ್ಲಿಂದ ಆ ಸೀರಿಯಲ್ಲಿನಲ್ಲಿ ಯಾರು ಯಾರ ಹತ್ತಿರ ಬಗ್ಗಿದರೂ ಸರ್ವೆ ನಂಬರ್. ಯಾರು ಸೂಟ್‌ಕೇಸ್ ಹಿಡಿದು ಬಂದರೂ ಅದರೊಳಗೆ ಹೊಲದ ಫೈಲು. ಆಸ್ಪತ್ರೆಯ ಬೋಳುತಲೆ ಡೈರೆಕ್ಟರ್ ಚಿಕ್ಕಪ್ಪನಾದ. ಏಳನೇ ಭಾಗದಲ್ಲಿ ಹೀರೋ ನಾಲ್ಕು ಸಲ ಬಗ್ಗಿದಾಗ ಅಜ್ಜಿ ನಿಟ್ಟುಸಿರು ಬಿಟ್ಟಳು. "ಬಾಳ ಆಸ್ತಿ ಐತೆ ಬಿಡು ಹುಡುಗಂದು."

೩. ಕೆಮ್ಮಿನ ಔಷಧಿ

ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಉರ್ದು ಮಾತಿನ ಚಿಕ್ಕಮ್ಮ, ನಮಗೆಲ್ಲ ಖಾಲಾ, ಬ್ಲೌಸ್ ಹೊಲಿಯುತ್ತಾರೆ. ಐದನೇ ವಾರದಿಂದ ಅವರೂ ಹುಕ್ಸು ಹಚ್ಚುವ ಕೆಲಸ ತಂದು ಚಾಪೆ ಮೇಲೆ ಕೂರತೊಡಗಿದರು. ಖಾಲಾ ಕಣ್ಣು ಸೂಜಿಯಷ್ಟು ಚುರುಕು. ಆದರೆ ವಿಚಿತ್ರ ನೋಡಿ, ಹೀರೋ ಬಗ್ಗುವ ಹೊತ್ತಿಗೆ ಸರಿಯಾಗಿ ಖಾಲಾ ಕೈಯಿಂದ ಸೂಜಿ ಬೀಳುತ್ತಿತ್ತು. ಅವರು ತಲೆ ತಗ್ಗಿಸಿ ಚಾಪೆಯಲ್ಲಿ ಹುಡುಕುತ್ತಿದ್ದರು. ವಯಲಿನ್ ನಿಂತ ಕೂಡಲೇ ಸೂಜಿ ಸಿಗುತ್ತಿತ್ತು.

ಕೊರಿಯಾದವರು ಮಾತೆತ್ತಿದರೆ ಹಸಿರು ಬಾಟಲಿ ತೆಗೆದು ಸಣ್ಣ ಲೋಟಕ್ಕೆ ಸುರಿದುಕೊಳ್ಳುತ್ತಾರೆ. ಬಾಟಲಿಯ ಸದ್ದು ಅಜ್ಜಿಗೆ ಕೇಳಿಸಿತು.

"ಏನು ಕುಡೀತಾರೆ?"

"ಕೆಮ್ಮಿನ ಔಷಧಿ. ಅಲ್ಲಿ ಚಳಿ ಜಾಸ್ತಿ."

ಖಾಲಾ ತಲೆ ಎತ್ತಲಿಲ್ಲ. "ಬೇಟಿ, ಔಷಧಿ ಕುಡಿದು ಯಾಕ ಹಂಗೆ ನಗ್ತಾರೆ?"

ಉತ್ತರ ಕೊಟ್ಟದ್ದು ಅಜ್ಜಿ. "ಗುಣ ಆಗಿರ್ತೈತೆ ಬಿಡ್ರಿ. ಕೆಮ್ಮು ನಿಂತ್ರೆ ಯಾರಿಗೆ ಖುಷಿ ಆಗಲ್ಲ?"

ಮುಂದಿನ ವಾರ ಹೀರೋ ಆ ಔಷಧಿ ಕುಡಿದು ರಸ್ತೆಯಲ್ಲಿ ಬಿದ್ದಾಗ ಅಜ್ಜಿಗೆ ಸಿಟ್ಟೇ ಬಂತು. "ಡಾಕ್ಟರ್ ಆಗಿ ಡೋಸು ಗೊತ್ತಾಗಲ್ಲೇನು ಅವನಿಗೆ!"

೪. ಹರಿಹರಕ್ಕೆ ಮುಟ್ಟಿದ ಸುದ್ದಿ

ಸೀರಿಯಲ್ ಮುಗಿದ ಮೇಲೆ ಅಜ್ಜಿ ಪ್ರತಿ ಭಾನುವಾರ ಹರಿಹರದ ನಮ್ಮ ಅತ್ತೆಗೆ ಫೋನು ಹಚ್ಚಿ ಕಥೆಯನ್ನೆಲ್ಲ ಹೇಳುತ್ತಿದ್ದಳು. ಅತ್ತೆ ಅದನ್ನು ತಮ್ಮ ಓಣಿಗೆ ಹೇಳುತ್ತಿದ್ದರು. ಹನ್ನೆರಡನೇ ವಾರ ಫೋನು ನನ್ನ ಕೈಗೆ ಬಂತು.

"ನೋಡವ್ವ, ನಿನಗೂ ಅಂಥಾ ಹುಡುಗನ್ನೇ ಹುಡುಕಾಕೆ ಹೇಳೀನಿ" ಅಂದರು ಅತ್ತೆ.

"ಎಂಥ ಹುಡುಗ ಅತ್ತೆ?"

"ಡಾಕ್ಟರು, ನೀರಾವರಿ ಹೊಲ ಐತೆ, ಕುಡಿಯಲ್ಲ, ಹೆಣ್ಣುಮಕ್ಕಳ ಮುಂದೆ ದನಿ ಎತ್ತಲ್ಲ. ಏನಿದ್ರೂ ಕಿವಿಯಾಗೆ ಹೇಳ್ತಾನೆ. ನಮ್ಮ ಓಣಿಯಾಗೆ ಎಲ್ಲಾರ ಬಾಯಾಗೂ ಅವಂದೇ ಮಾತು."

ನಾನು "ಹೂಂ ಅತ್ತೆ" ಅಂದೆ. ಅಷ್ಟು ಬಿಟ್ಟರೆ ನನಗೆ ಫೋನಿನಲ್ಲಿ ಬೇರೆ ಮಾತೂ ಬರುವುದಿಲ್ಲ.

೫. ಹೊಸ ಕಣ್ಣು

ಹದಿನೈದು ಭಾಗ ಮುಗಿದವು. ಅಷ್ಟರಲ್ಲಿ ಅಜ್ಜಿಯ ಬಲಗಣ್ಣಿನ ಆಪರೇಷನ್‌ಗೆ ದಿನ ಗೊತ್ತಾಯಿತು.

"ಕೊನೇ ಭಾಗ ನನ್ನ ಕಣ್ಣು ಬಂದ ಮ್ಯಾಲೇ ಹಾಕ್ಬೇಕು. ಆ ಹುಡುಗನ ಮುಖ ನೋಡ್ಬೇಕು ನಾನು. ಅಲ್ಲೀತನಕ ನೀನೂ ನೋಡಬ್ಯಾಡ. ಆಣೆ ಮಾಡು" ಅಂದಳು.

ಆಣೆ ಮಾಡಿದೆ. ಆಮೇಲೆ ಎರಡು ಭಾನುವಾರ ನನಗೆ ಮಂಡಕ್ಕಿ ಗಂಟಲಲ್ಲಿ ಇಳಿಯಲಿಲ್ಲ. ಬೈದರೆ ಬೈಸಿಕೊಳ್ಳಬಹುದು. ಆದರೆ ಕಣ್ಣು ಕಾಣದ ಅಜ್ಜಿಗೆ ವಾರಗಟ್ಟಲೆ ಸುಳ್ಳು ಹೇಳಿ ಕೂರಿಸಿದವಳು ಅಂತ ಆಗುತ್ತದಲ್ಲ? ಆಮೇಲೆ ನನ್ನ ಭಾನುವಾರಕ್ಕೆ ಕುರ್ಚಿಯನ್ನು ಒಂದು ಗೇಣು ಸರಿಸಿ "ಹೂಂ, ಹಾಕು" ಅನ್ನುವವರು ಯಾರು?

ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಅಜ್ಜಿ ಮೊದಲು ಅಡುಗೆಮನೆ ನೋಡಿದಳು. "ಈ ಗೋಡೆ ಇಷ್ಟು ಕರ್ರಗೈತೇನು?" ಅಂತ ಅಮ್ಮನನ್ನು ಕೇಳಿದಳು. ಅಮ್ಮ ಎರಡು ದಿನ ಮಾತಾಡಲಿಲ್ಲ. ಅಜ್ಜಿ ಅಲ್ಲಿಂದ ನನ್ನ ಕಡೆ ತಿರುಗಿದಳು. "ನಿನ್ನ ಅರ್ಧ ಹುಬ್ಬು ಯಾರು ಕಿತ್ಕೊಂಡ್ರು?"

ಕಣ್ಣು ಚೆನ್ನಾಗಿಯೇ ಬಂದಿತ್ತು.

೬. ಕೊನೆಯ ಭಾಗ

ಆ ಭಾನುವಾರ ಹರಿಹರದಿಂದ ಅತ್ತೆ ಬಸ್ಸು ಹಿಡಿದು ಬಂದೇಬಿಟ್ಟರು, ಹೊಲ ಹುಡುಗನಿಗೇ ಸಿಕ್ಕರೆ ಹಂಚಲು ಅಂತ ಹೋಳಿಗೆ ಕಟ್ಟಿಕೊಂಡು. ಖಾಲಾ ಬಂದರು. ಅಜ್ಜಿ ಮುಖ ತೊಳೆದು, ವಿಭೂತಿ ಹಚ್ಚಿ, ಸೆರಗು ಸರಿಮಾಡಿ, ಕಪ್ಪು ಕನ್ನಡಕ ತೆಗೆದಿಟ್ಟಳು. "ಹೂಂ, ಹಾಕು."

ಅರ್ಧ ತಾಸು ಹೇಗೋ ಸಾಗಿತು. ಹೀರೋನ ಮುಖ ನೋಡಿ ಅಜ್ಜಿ "ಮೀಸೆನೇ ಇಲ್ಲಲ್ಲ" ಅಂದಳು, ಅಷ್ಟೇ. ಕೊನೆಗೆ ಸಮುದ್ರ ದಂಡೆ ಬಂತು. ಆ ಕಡೆಯಿಂದ ಅವನು ಓಡಿ ಬಂದ, ಈ ಕಡೆಯಿಂದ ಅವಳು. ವಯಲಿನ್ ಶುರುವಾಯಿತು. ನಾನು ರಿಮೋಟ್ ಹುಡುಕಿದೆ. ಅದರ ಮೇಲೆ ಅತ್ತೆ ಕೂತಿದ್ದರು.

ಅವನು ಬಗ್ಗಿದ.

ಖಾಲಾ ಅವಸರದಲ್ಲಿ ಚಾಪೆ ತಡಕಿದರು. ಆದರೆ ಆ ದಿನ ಅವರು ಹೊಲಿಗೆಯನ್ನೇ ತಂದಿರಲಿಲ್ಲ.

"ಅಯ್ಯ ಶಿವನೇ! ಏನಿದು!" ಅಂತ ಅತ್ತೆ ಎದ್ದು ನಿಂತರು.

"ಸ... ಸರ್ವೆ ನಂಬರ್" ಅಂದೆ. ಅತ್ತೆ ಎದ್ದ ಜಾಗದಿಂದ ರಿಮೋಟ್ ಎತ್ತಿಕೊಂಡು ಒತ್ತಿದೆ. ಇಬ್ಬರೂ ಹಾಗೇ ನಿಂತುಬಿಟ್ಟರು, ಟಿ.ವಿ. ತುಂಬ.

ಅಜ್ಜಿ ಸಾವಕಾಶ ಕಪ್ಪು ಕನ್ನಡಕ ಹಾಕಿಕೊಂಡಳು. "ಪೊರೆ ಬಂದಿದ್ದು ಕಣ್ಣಿಗೆ, ಬುದ್ಧಿಗಲ್ಲ. ಐದು ಮಕ್ಕಳನ್ನ ಹೆತ್ತೀನಿ. ಕಿವಿ ಎಲ್ಲಿರ್ತೈತೆ ಅಂತ ನನಗೆ ಗೊತ್ತಿಲ್ಲೇನು?"

ಖಾಲಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಭುಜ ಕುಣಿಯುತ್ತಿತ್ತು.

"ಮತ್ತೆ... ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಜ್ಜಿ?"

"ವಾರಪೂರ್ತಿ ಮನ್ಯಾಗೆ ಬಾಯಿ ಮುಚ್ಕೊಂಡು ಓಡಾಡ್ತೀ. ಅದೊಂದು ತಾಸು ಚಂದಾಗಿ ಮಾತಾಡ್ತಿದ್ದಿ. ನಡುವೆ ಬಾಯಿ ಹಾಕಿ ಕೆಡಿಸ್ಲೇನು?"

ಅತ್ತೆ ಇನ್ನೂ ಹೋಳಿಗೆ ಡಬ್ಬಿ ಹಿಡಿದು ನಿಂತೇ ಇದ್ದರು. "ಹಂಗಾದ್ರೆ ಅವನಿಗೆ ಹೊಲನೇ ಇಲ್ಲೇನವ್ವ? ನಮ್ಮ ಓಣಿಗೆ ನಾನೇನು ಹೇಳಲಿ?"

"ಕೂಡು ನೀನು" ಅಂದಳು ಅಜ್ಜಿ. ಟಿ.ವಿ.ಯಲ್ಲಿ ನಿಂತ ಇಬ್ಬರ ಕಡೆ ಕೈ ಬೀಸಿದಳು. "ಅವ್ರದ್ದು ಬಂದ್ ಮಾಡು, ಅದು ಎಲ್ಲಾ ಕಡೆ ಇರೋದೇ."

ಬಂದ್ ಮಾಡಿದೆ. ಖಾಲಾ ಹತ್ತಿರ ಸರಿದರು. ಅತ್ತೆ ಕೂತರು. ಅಜ್ಜಿ ಕುರ್ಚಿಯನ್ನು ಟಿ.ವಿ. ಕಡೆಯಿಂದ ನನ್ನ ಕಡೆಗೆ ತಿರುಗಿಸಿದಳು, ಸೆರಗು ಸರಿಮಾಡಿಕೊಂಡಳು.

"ಹೂಂ, ಈಗ ಹೇಳು. ಆ ಚಿಕ್ಕಪ್ಪ ಮುಚ್ಚಿದ ತೂಬು ಬಿಚ್ಚಿದ್ನೋ ಇಲ್ಲೋ? ಕಾಲುವೆ ನೀರು ಕೊನೀಗೆ ಯಾರ ಹೊಲಕ್ಕೆ ಬಂತು?"