ನಮ್ಮ ಅಮ್ಮಾವ್ರಿಗೆ ಆದ ಸನ್ಮಾನಗಳು

ನಮ್ಮ ಕಡೆ ಮನುಷ್ಯರಿಗೆ ನೆಗಡಿ ಬರುವುದಕ್ಕಿಂತ ಹೆಚ್ಚು ಸಲ ಸನ್ಮಾನ ಬರುತ್ತದೆ. ನೆಗಡಿಯಾದರೂ ಚಳಿ, ಮಳೆ ನೋಡಿಕೊಂಡು ಬರುತ್ತದೆ, ಸನ್ಮಾನಕ್ಕೆ ಅದೂ ಇಲ್ಲ. ಬಸ್ ಸ್ಟಾಪಿಗೆ ಹೊಸ ತಗಡು ಹಾಕಿದರೂ ಯಾರಿಗಾದರೂ ಶಾಲು ಹೊದಿಸಬೇಕು, ಕ್ರಿಕೆಟ್ ಟೂರ್ನಮೆಂಟ್ ಮುಗಿದರೂ ಯಾರದಾದರೂ ತಲೆಗೆ ಪೇಟ ಇಡಬೇಕು. ಈ ನಾಲ್ಕು ತಾಲ್ಲೂಕಿನಲ್ಲಿ ಆ ಪೇಟಕ್ಕೆ ಅತಿ ಹೆಚ್ಚು ಸಲ ಸಿಕ್ಕಿಬಿದ್ದಿರುವ ತಲೆ ನಮ್ಮ ಅಮ್ಮಾವ್ರದು.

ಅಮ್ಮಾವ್ರು ಅಂದರೆ ನಟಿ. ಪಾಂಡವಪುರದಲ್ಲಿ ನಮ್ಮ ಪಕ್ಕದ ಮನೆಯವರು. ವಯಸ್ಸು ಎಪ್ಪತ್ತು ದಾಟಿದೆ. ಲಂಗ ತೊಡುವ ವಯಸ್ಸಿನಲ್ಲಿ ನಾಟಕದ ಕಂಪನಿ ಸೇರಿದರು, ಆಮೇಲೆ ಸಿನಿಮಾ, ಆಮೇಲೆ ಟೀವಿ ಧಾರಾವಾಹಿ. ಮೂರಕ್ಕೂ ದೊಡ್ಡ ದೊಡ್ಡ ಪ್ರಶಸ್ತಿಗಳೇ ಬಂದಿವೆ. ನಾನು ಹತ್ತನೇ ಕ್ಲಾಸಿಗೆ ಓದು ಬಿಟ್ಟವಳು. ಸಮಾರಂಭಗಳಿಗೆ ಅವರ ಜೊತೆ ಹೋಗುವುದು ನನ್ನ ಕೆಲಸ. ಸೀರೆ ಉಡಿಸಬೇಕು, ಮಾತ್ರೆ ಕೊಡಬೇಕು, ಸ್ಟೇಜ್ ಮೆಟ್ಟಿಲಲ್ಲಿ ಕೈ ಹಿಡಿದುಕೊಳ್ಳಬೇಕು. ನನ್ನ ನಾಲ್ಕು ವರ್ಷದ ಮಗಳೂ ಜೊತೆಗೆ ಬರುತ್ತಾಳೆ, ಹಣ್ಣಿನ ಬುಟ್ಟಿ ಮೇಲ್ವಿಚಾರಣೆಗೆ.

ಇಷ್ಟೆಲ್ಲ ಆದರೂ ಅಮ್ಮಾವ್ರಿಗೆ ಬೇಕಾಗಿದ್ದದ್ದು ಶಾಲಲ್ಲ. ಕೈಕಾಲು ಆಡುವಾಗಲೇ ಇನ್ನೊಂದು ಸಲ ಸ್ಟೇಜ್ ಹತ್ತಿ ಒಂದು ಪೂರಾ ಸೀನು ಮಾಡಬೇಕು, ಅಷ್ಟೇ. ಆಹ್ವಾನ ಕೊಡಲು ಬಂದವರನ್ನೆಲ್ಲ ಕೇಳುತ್ತಿದ್ದರು, "ನಾಟಕ ಗೀಟಕ ಇಟ್ಕಂಡಿದ್ದೀರೇನಪ್ಪ? ಸಣ್ಣದಾದ್ರೂ ಪರವಾಗಿಲ್ಲ, ಒಂದು ಪಾತ್ರ ಕೊಡಿ."

ಬಂದವರು ಕೈ ಮುಗಿದು ಅನ್ನುತ್ತಿದ್ದರು, "ನಿಮ್ಗ್ಯಾಕಮ್ಮ ಆ ಕಷ್ಟ? ನೀವು ಬಂದು ಸುಮ್ಕೆ ಕೂತ್ಕಂಡ್ರೆ ಸಾಕು."

ಅಂತೂ ನಟಿಯನ್ನು ಗೌರವಿಸುವುದು ಅಂದರೆ ಅವರು ನಟಿಸದ ಹಾಗೆ ನೋಡಿಕೊಳ್ಳುವುದು ಅಂತ ಇವರೆಲ್ಲ ತಿಳಿದುಕೊಂಡಿದ್ದರು.

ಎರಡು ಮಾತು

ಶ್ರೀರಂಗಪಟ್ಟಣದಲ್ಲಿ ಒಂದು ಸಂಘದವರು ಕರೆದರು. "ಅಮ್ಮಾವ್ರು ಎರಡು ಮಾತಾಡ್ಬೇಕು" ಅಂದಿದ್ದರು. ಅಮ್ಮಾವ್ರು ಮಾತಾಡುವ ಬದಲು ಹಳೇ ನಾಟಕದ ಒಂದು ಸೀನನ್ನೇ ಮಾಡಿ ತೋರಿಸುವುದು ಅಂತ ತೀರ್ಮಾನ ಮಾಡಿದರು. ಒಂದು ವಾರ ಹಿತ್ತಲಲ್ಲಿ ನಿಂತು ಅಭ್ಯಾಸ ಮಾಡಿದರು. ನನ್ನ ಮಗಳಿಗೂ ಬಾಯಿಪಾಠವಾಯಿತು. ನನ್ನ ಗಂಡ ಊಟಕ್ಕೆ ತಡವಾಗಿ ಬಂದರೆ "ಎಲೈ ಪಾಪಿ, ಬಂದೆಯಾ" ಅನ್ನತೊಡಗಿದಳು. ನಾನು ತಿದ್ದಲು ಹೋಗಲಿಲ್ಲ.

ಅಲ್ಲಿ ಪರಿಚಯ ಭಾಷಣಕ್ಕೆ ನಿಂತವನು ಮೊಬೈಲ್ ತೆಗೆದು ಓದಲು ಶುರು ಮಾಡಿದ. ಹುಟ್ಟಿದ್ದು, ಕಂಪನಿ ಸೇರಿದ್ದು, ಸಿನಿಮಾ, ಪ್ರಶಸ್ತಿ, ಧಾರಾವಾಹಿ, ಮತ್ತೆ ಪ್ರಶಸ್ತಿ. ನಡುವೆ ಯಾರೋ ಫೋನ್ ಮಾಡಿದರು. "ಪ್ರೋಗ್ರಾಮಲ್ಲಿವ್ನಿ ಕಣ್ಲಾ" ಅಂತ ಹೇಳಿ ಇಟ್ಟ. ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದು ಮರೆತುಹೋಗಿತ್ತು, ಪಾಪ, ಅಮ್ಮಾವ್ರನ್ನು ಮತ್ತೆ ಹುಟ್ಟಿಸಿದ. ಮುಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಮಾಡಿ, ಎದ್ದು, ಜಾಗ ಬದಲಾಯಿಸಿ ಮತ್ತೆ ನಿದ್ದೆ ಮಾಡಿದರು. ಕೊನೆಗೆ ಅವನು ಬೆವರು ಒರೆಸಿಕೊಂಡು ಹೇಳಿದ, "ಊಟ ತಣ್ಣಗಾಯ್ತಾ ಅದೆ. ಸಮಯದ ಅಭಾವದಿಂದ ಅಮ್ಮನವರು ಮಾತಾಡೋದಿಲ್ಲ."

ಆಟೋದಲ್ಲಿ ಬರುವಾಗ ಅಮ್ಮಾವ್ರು ಶಾಲು ಮಡಿಸಿ ಮಡಿಲಲ್ಲಿಟ್ಟುಕೊಂಡರು. ಬೇಜಾರಾಯಿತೇನೋ ಅಂತ ನೋಡಿದೆ. ಅವರು ಅಂದರು, "ಅಲ್ಲ ಕಣೇ, ನಾನು ಬದುಕಿದ್ದಕ್ಕಿಂತ ಅವನು ಹೇಳಿದ್ದೇ ಉದ್ದ ಆಯ್ತು."

ಫ್ಲೆಕ್ಸು

ಶೀಳನೆರೆ ಕಡೆ ಒಂದು ಊರಿನಲ್ಲಿ ಅಮ್ಮಾವ್ರಿಗಾಗಿಯೇ ಆಳೆತ್ತರದ ಫ್ಲೆಕ್ಸು ಕಟ್ಟಿದ್ದರು. ಸ್ವಾಗತ ಕೋರುವವರ ಮುಖಗಳು ಕಡಲೆಕಾಯಿ ರಾಶಿ ಹಾಕಿದ ಹಾಗಿದ್ದವು. ಕೆಲವರು ಕೂಲಿಂಗ್ ಗ್ಲಾಸ್ ಹಾಕಿದ್ದರು, ಕೆಲವರು ಫೋನಿನಲ್ಲಿ ಮಾತಾಡುತ್ತಿದ್ದರು. ಒಬ್ಬ ಮಹಾಶಯ ಮಗುವಿನ ನಾಮಕರಣದ ಫೋಟೋ ಕೊಟ್ಟಿದ್ದ, ಮಗು ಸಮೇತ ಸ್ವಾಗತ ಕೋರುತ್ತಿದ್ದ. ಅಮ್ಮಾವ್ರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಹುಡುಕಿದರು. ನಾನೂ ಹುಡುಕಿದೆ.

"ಇದ್ರಲ್ಲಿ ಅಮ್ಮಾವ್ರು ಎಲ್ಲವ್ರೆ?" ಅಂತ ಕಾರ್ಯದರ್ಶಿಯನ್ನು ಕೇಳಿದೆ.

"ಇದ್ರು ಕಣಮ್ಮ, ಮಧ್ಯದಲ್ಲೇ ಇದ್ರು. ಲಾಸ್ಟಲ್ಲಿ ನಮ್ಮ ಖಜಾಂಚಿ ಬಾಮೈದ ಮುನಿಸ್ಕಬುಟ್ಟ. ಅವನ್ನ ಎಲ್ಲಿ ಕೂರ್ಸೋದು ನೀನೇ ಯೋಳು."

ಒಳಗೆ ಸನ್ಮಾನ ನಡೆಯಿತು. ಅಮ್ಮಾವ್ರ ಸುತ್ತ ಫ್ಲೆಕ್ಸಿನಲ್ಲಿದ್ದವರೆಲ್ಲ ಜೀವಂತವಾಗಿ ಬಂದು ನಿಂತರು. ಎಲ್ಲರ ಒಂದೊಂದು ಕೈ ಶಾಲಿನ ಮೇಲೆ. ಫೋಟೋದವನಿಗೆ ಜಾಗ ಸಾಲಲಿಲ್ಲ. ಹಿಂದೆ ನಿಂತಿದ್ದ ನನಗೆ ಒಬ್ಬ ಗೌರವದಿಂದಲೇ ಹೇಳಿದ, "ಯಕ್ಕಾ, ಆ ಅಜ್ಜೀನ ವಸಿ ಅತ್ಲಾಗೆ ಸರ್ಸಕ್ಕ. ಅಧ್ಯಕ್ಷರು ಕಾಣ್ತಾ ಇಲ್ಲ."

ಅತ್ತೆ

ನಾಗಮಂಗಲದ ಹೊಣಕೆರೆ ಹತ್ತಿರ ಹೆಂಗಸರ ಸಂಘದ ಸಮಾರಂಭ. ಅಮ್ಮಾವ್ರು ಧಾರಾವಾಹಿಯಲ್ಲಿ ಸೊಸೆಗೆ ಅನ್ನ ಹಾಕದ ಅತ್ತೆಯಾಗಿ ವರ್ಷಗಟ್ಟಲೆ ಮಾಡಿದ್ದರು. ಅದಕ್ಕೆ ಪ್ರಶಸ್ತಿಯೂ ಬಂದಿತ್ತು. ಆರತಿ ತಟ್ಟೆ ಹಿಡಿದು ಬಂದ ದೊಡ್ಡ ಹೆಂಗಸೊಬ್ಬರು ಅಮ್ಮಾವ್ರ ಮುಖ ನೋಡಿದ ಕೂಡಲೇ ತಟ್ಟೆ ಪಕ್ಕದವರ ಕೈಗೆ ಕೊಟ್ಟುಬಿಟ್ಟರು.

"ನಿಂಗೆ ಬೇರೆ ಆರತಿ ಕೇಡು. ಆ ಬಸುರಿ ಎಣ್ಣನ್ನ ಕೊಟ್ಟಿಗೇಲಿ ಮಲಗ್ಸಿದ್ಯಲ್ಲ, ಕೈ ಎಂಗ್ ಬಂತು ನಿಂಗೆ?"

ಸಂಘದವರು ಗಾಬರಿಯಾದರು. ಅಮ್ಮಾವ್ರಿಗೆ ಮಾತ್ರ ಮುಖದಲ್ಲಿ ಬೆಳಕು ಬಂತು. ಅವರಿಗೆ ಬೇಕಾಗಿದ್ದದ್ದು ಸಿಕ್ಕಿತು. ಟಕ್ಕನೆ ಸೆರಗು ಬಿಗಿದು, ಅದೇ ಅತ್ತೆಯ ಧ್ವನಿ ತೆಗೆದು, "ನನ್ನ ಮನೆ, ನನ್ನ ಕೊಟ್ಟಿಗೆ. ಕೇಳಕ್ಕೆ ನೀನ್ಯಾರೇ?" ಅಂದರು. ಇಡೀ ಸಭೆ ಹೋ ಅಂತು. ಸೀನು ಇನ್ನೇನು ಕಾವೇರಬೇಕು, ಅಷ್ಟರಲ್ಲಿ ಸಂಘದ ಅಧ್ಯಕ್ಷಿಣಿ ಓಡಿ ಬಂದು ಅಮ್ಮಾವ್ರಿಗೆ ಶಾಲು ಹೊದಿಸಿ ಜಗಳ ಬಿಡಿಸಿದರು.

ಆ ಹೆಂಗಸಿಗೆ ಸಿಟ್ಟಿನ್ನೂ ಇಳಿದಿರಲಿಲ್ಲ. ಹಿಂದೆ ನಿಂತಿದ್ದ ತನ್ನ ಸೊಸೆಯನ್ನು ತೋರಿಸಿ, "ನಾನೂ ಅತ್ತೇನೇ. ಕೇಳು ಇವಳ್ನ, ಇತ್ತೀಚ್ಗೆ ಒಂದು ಬಿರುಸು ಮಾತಾಡಿದ್ದೀನಾ ಅಂತ" ಅಂದರು.

ಸೊಸೆ ತಲೆಯಾಡಿಸಿ ಇಲ್ಲ ಅಂದಳು. ಆಮೇಲೆ ಕೋಸಂಬರಿ ಹಂಚುವಾಗ ನನ್ನ ಕಿವಿಯಲ್ಲಿ ಹೇಳಿದಳು, "ಆ ಸೀರಿಯಲ್ ನಿಂತೋದ ಮೇಲೆ ನಂಗೆ ಏನ್ ಮಾಡ್ಬೇಕು ಅಂತ ಇವರ್ಗೆ ತೋಚ್ತಾ ಇಲ್ಲ ಕಣಕ್ಕ."

ಸಾಯುವ ಸೀನು

ಕೊನೆಗೂ ಪಾತ್ರ ಸಿಕ್ಕಿತು. ಸಂತೆಬಾಚಹಳ್ಳಿ ಕಡೆಯ ಒಂದು ತಂಡದವರು ಕೆ.ಆರ್. ಪೇಟೆಯ ಒಂದು ಸಮುದಾಯ ಭವನದಲ್ಲಿ ಭಾನುವಾರ ಹಗಲು ಹೊತ್ತಿನಲ್ಲಿ ಸಾಮಾಜಿಕ ನಾಟಕ ಇಟ್ಟುಕೊಂಡಿದ್ದರು. ತಾಯಿ ಪಾತ್ರಕ್ಕೆ ಗೊತ್ತು ಮಾಡಿದ್ದ ನಟಿ ಕೈಕೊಟ್ಟಿದ್ದಳು. ಕೊನೇ ಅಂಕದಲ್ಲಿ ತಾಯಿ ಮಗನ ಕೈ ಹಿಡಿದುಕೊಂಡು ಸಾಯಬೇಕು, ಮಗ ಎದೆ ಮೇಲೆ ಬಿದ್ದು ಅಳಬೇಕು. ಮಗನ ಪಾತ್ರ ಅವರ ಊರಿನ ಹಾಲಿನ ಡೈರಿ ಕಾರ್ಯದರ್ಶಿಯದು. ನಮ್ಮ ಕಡೆ ಪಾತ್ರ ಬೇಕಾದವರು ನಾಟಕದ ಖರ್ಚಿಗೆ ಕೈಯಿಂದ ದುಡ್ಡು ಹಾಕಬೇಕು. ಅವನು ಅಳುವ ಆ ಒಂದು ಸೀನಿಗೋಸ್ಕರವೇ ಹಾಕಿದ್ದ.

ಇನ್ನೊಂದು ಪದ್ಧತಿಯೂ ಇದೆ. ನಾಟಕ ನಡೆಯುತ್ತಿರುವಾಗಲೇ ಬೇಕಾದವರು ಸ್ಟೇಜ್ ಹತ್ತಿ ಪಾತ್ರಧಾರಿಗೆ ಹಾರ ಹಾಕಬಹುದು. ಕತ್ತಿ ಎತ್ತಿದವನು ಕತ್ತಿ ಇಳಿಸಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಮತ್ತೆ ಎತ್ತುತ್ತಾನೆ. ಇದು ಅಮ್ಮಾವ್ರಿಗೆ ಗೊತ್ತಿತ್ತು. ಒಂದೇ ಷರತ್ತು ಹಾಕಿದರು, "ನಾನು ಸಾಯೋವರೆಗೂ ಯಾವನೂ ಸ್ಟೇಜ್ ಹತ್ಕೂಡದು."

"ನಿಮ್ಮಾಣೆ ಅಮ್ಮ, ನೀವು ಸಾಯೋಗಂಟ ಯಾವನೂ ಹತ್ತಾಕಿಲ್ಲ" ಅಂದರು ತಂಡದ ಅಧ್ಯಕ್ಷರು.

ಅವತ್ತು ಅಮ್ಮಾವ್ರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದೊಡ್ಡ ದನಿಯಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಮಂಚದಲ್ಲಿ ಮಲಗಿದ್ದ ಹಾಗೇ ಮಗನ ಅಂಗಿ ಗುಂಡಿ ಹಾಕಿದರು, ಎರಡನೇ ಗುಂಡಿಗೆ ಬರುವಷ್ಟರಲ್ಲಿ ಕೈ ನಿಂತುಹೋಯಿತು. ಅಷ್ಟೇ. ಕಳ್ಳೇಪುರಿ ತಿನ್ನುತ್ತಿದ್ದವರ ಬಾಯಿ ಕೂಡ ನಿಂತಿತು.

ಕಾರ್ಯದರ್ಶಿ ಉಸಿರೆಳೆದು ಅಳಲು ಬಾಯಿ ತೆರೆದ. ಅಷ್ಟರಲ್ಲಿ ಅಧ್ಯಕ್ಷರು ಮೈಕು ಹಿಡಿದು ಬಂದರು, "ಈಗ ನಮ್ಮ ಹಿರಿಯ ಕಲಾವಿದೆಯವರಿಗೆ ಸನ್ಮಾನ."

ಮಾತು ತಪ್ಪಿದರು ಅನ್ನುವ ಹಾಗಿಲ್ಲ, ಅಮ್ಮಾವ್ರು ಸತ್ತಿದ್ದರು.

ಸಾಲಾಗಿ ಬಂದರು. ಮಲಗಿದ ಅಮ್ಮಾವ್ರಿಗೆ ಕಾಲಿನಿಂದ ಕುತ್ತಿಗೆವರೆಗೆ ಶಾಲು ಹೊದಿಸಿದರು. ಎದೆ ಮೇಲೆ ಹಾರ ಇಟ್ಟರು, ಕಾಲ ಬಳಿ ಹಣ್ಣು. ಮಲಗಿದವರ ತಲೆಗೆ ಪೇಟ ನಿಲ್ಲಲಿಲ್ಲ, ಹೊಟ್ಟೆ ಮೇಲಿಟ್ಟರು. ಒಬ್ಬೊಬ್ಬರೂ ಮಂಚ ಸುತ್ತಿ, ಕೈ ಮುಗಿದು ಇಳಿದರು.

ಆಗ ತಾನೇ ಬಾಗಿಲಿಗೆ ಬಂದ ಮುದುಕಿಯೊಬ್ಬಳು ನಿಂತಲ್ಲೇ ಕಣ್ಣಿಗೆ ಸೆರಗು ಒತ್ತಿಕೊಂಡಳು, "ಅಯ್ಯೋ ಸಿವನೇ, ಮೊನ್ನೆ ಟೀವಿಲಿ ಎಷ್ಟು ಚೆಂದಾಗಿ ಬಯ್ತಿದ್ಲು. ಯಾವಾಗ ತೀರ್ಕಂಡ್ಲು?"

ಕಾರ್ಯದರ್ಶಿ ಅಧ್ಯಕ್ಷರ ತೋಳು ಹಿಡಿದ, "ಅಣ್ಣೋ, ನಾನು ಅಳಾದು ಯಾವಾಗಣ್ಣ?"

"ತಡ್ಕಳಲಾ. ಇನ್ನೂ ಮೂರು ಸಂಘ ಅವೆ."

ನನ್ನ ಮಗಳು ಮುಂದಿನ ಸಾಲಿನಿಂದ ಕೂಗಿದಳು, "ಅಮ್ಮಾ, ಅಜ್ಜಿ ಉಸಿರಾಡ್ತಾವ್ರೆ."

ನಾನು ಪರದೆ ಹಿಂದಿನಿಂದ ಮಂಚದ ಹತ್ತಿರ ಹೋಗಿ, "ಸಾಕು ಏಳಿ ಅಮ್ಮಾ" ಅಂದೆ. ಅಮ್ಮಾವ್ರು ಕಣ್ಣು ಬಿಡದೆ, ತುಟಿ ಅಲುಗಿಸದೆ ಅಂದರು, "ಸುಮ್ಕಿರೇ. ಎದ್ರೆ ಸೀನು ಕೆಡ್ತದೆ."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಎದ್ದರು, "ಲೇ, ನಿಮ್ಮ ಆರ ಯಾವನಿಗೆ ಬೇಕ್ರಲಾ? ಕೆಳೀಕೆ ಇಳೀರಿ. ಆಯಮ್ಮ ಸತ್ತಿದ್ನ ಇನ್ನೊಂದು ಕಿತ ತೋರುಸ್ರಿ. ಒನ್ಸ್ ಮೋರ್."

ಇನ್ನೊಬ್ಬ ಅಂದ, ಮತ್ತೊಬ್ಬ ಅಂದ, ಆಮೇಲೆ ಭವನವೇ ಅಂತು. ಕಣ್ಣೊರೆಸಿಕೊಳ್ಳುತ್ತಿದ್ದ ಮುದುಕಿಯೂ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದಳು.

ಅಮ್ಮಾವ್ರು ಕಣ್ಣು ಬಿಟ್ಟರು. ಹಾರದ ರಾಶಿಯಿಂದ ಎದ್ದು ಕೂತರು. ಹೊಟ್ಟೆ ಮೇಲಿದ್ದ ಪೇಟವನ್ನು ಅಧ್ಯಕ್ಷರ ಕೈಗಿಟ್ಟು, ಕಾರ್ಯದರ್ಶಿಯ ಅಂಗಿ ಗುಂಡಿ ಬಿಚ್ಚಿ, ಪರದೆಯವನ ಕಡೆ ತಿರುಗಿ ಹೇಳಿದರು:

"ಪರದೆ ಎಳಿಯಪ್ಪ. ಇನ್ನೊಂದ್ಸಲ ಸಾಯ್ತೀನಿ."