ಸಗಣಿ ಉಂಡೆಯ ಮೇಲೊಂದು ಕುಂಬಳದ ಹೂ

ಚಳಿ ಬಂತೆಂದರೆ ಎಲ್ಲರೂ ಮುದುಡಿಕೊಳ್ಳುತ್ತಾರೆ, ನಾನು ಮಾತ್ರ ಚಿಗುರುತ್ತೇನೆ. ಇದೊಂದು ಕಾಯಿಲೆಯೇ ಇರಬೇಕೆಂದು ನನ್ನ ಹೆಂಡತಿಯ ಅನುಮಾನ. ಚಿನ್ನದ ಗಣಿಯ ಮಣ್ಣು ಸುರಿದು ಎದ್ದ ಸಯನೈಡ್ ಗುಡ್ಡದ ಕಡೆಯಿಂದ ಕೊರೆಯುವ ಗಾಳಿ ಬೀಸಿ, ಮಾರಿಕುಪ್ಪಂನ ನಮ್ಮ ಬೀದಿಯಲ್ಲಿ ಬಾಯಿ ತೆರೆದವರೆಲ್ಲ ಹೊಗೆ ಬಿಡತೊಡಗಿದರೆ ಸಾಕು, ಮನೆಯ ಮುಂದೆ ಏನಾದರೂ ಸಿಂಗಾರ ಮಾಡದೆ ನನ್ನ ಕೈ ಸುಮ್ಮನಿರುವುದಿಲ್ಲ. ಹೋದ ವರ್ಷ ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡಿದ್ದೆ. ಎದುರುಮನೆಯ ಸೆಲ್ವಿ ಅದನ್ನು ಗಾಳಿಪಟವೆಂದು ತಿಳಿದು ಹಾರಿಸಲು ದಾರ ತಂದುಕೊಟ್ಟಳು.

ಈ ಧನುರ್ಮಾಸದಲ್ಲಿ ಮಾನ ಉಳಿಸಿಕೊಳ್ಳಲೇಬೇಕೆಂದು ತೀರ್ಮಾನಿಸಿದೆ. ರಂಗೋಲಿಯ ನಡುವೆ ಸಗಣಿ ಉಂಡೆಗಳನ್ನಿಟ್ಟು, ಒಂದೊಂದರ ತಲೆಗೂ ಹಳದಿ ಕುಂಬಳದ ಹೂ ಸಿಕ್ಕಿಸುವುದು ನಮ್ಮ ಕಡೆಯ ಪದ್ಧತಿ. ಸಗಣಿಗೂ ಹೂವಿಗೂ ದೂರ ಹೋಗಬೇಕಿರಲಿಲ್ಲ. ಪಕ್ಕದ ಮನೆಯ ಮುನಿಯಮ್ಮ ಹಸು ಕಟ್ಟಿದ್ದಾಳೆ, ಅವಳ ತಿಪ್ಪೆಯ ಮೇಲೆ ಕುಂಬಳದ ಬಳ್ಳಿಯೂ ಹಬ್ಬಿದೆ. ಕೇಳಿದ್ದಕ್ಕೆ, "ಊವು ತಾನೆ ಮೇಷ್ಟ್ರೇ, ಎಷ್ಟ್ ಬೇಕೋ ಕಿತ್ಕಳಿ" ಎಂದಳು.

ಭಾನುವಾರ ಬೆಳಗಾಗುತ್ತಲೇ ಮಂಕಿ ಕ್ಯಾಪ್ ಹಾಕಿಕೊಂಡು ಬಳ್ಳಿಗೆ ನುಗ್ಗಿದೆ. ಕಂಡಕಂಡದ್ದನ್ನು ಕೀಳುವವನಲ್ಲ ನಾನು. ಕೆಲವು ಹೂಗಳಿಗೆ ಬರೀ ಉದ್ದನೆಯ ತೊಟ್ಟು, ಉಂಡೆಯ ಮೇಲೆ ವಾಲಿಬಿಡುತ್ತವೆ. ಇನ್ನು ಕೆಲವಕ್ಕೆ ಬುಡದಲ್ಲಿ ಗೋಲಿಯಂಥ ಗಂಟು, ಸಗಣಿಗೆ ಒತ್ತಿದರೆ ಭದ್ರವಾಗಿ ಕೂರುತ್ತವೆ. ಆಹಾ, ಇದನ್ನು ದೇವರು ಸಿಂಗಾರಕ್ಕೆಂದೇ ಮಾಡಿದ್ದಾನೆ ಎಂದು ಹಿಗ್ಗಿ, ಗಂಟಿರುವುದನ್ನೇ ಹುಡುಕಿ ಹುಡುಕಿ ಏಳು ಕಿತ್ತೆ.

ಬಿಸಿಲು ಬೀಳುವ ಹೊತ್ತಿಗೆ ನಮ್ಮ ಬಾಗಿಲು ಝಗಝಗ. ಸೆಲ್ವಿ "ಸೂಪರಾ ಇರುಕ್ಕು ಸಾರ್" ಎಂದು ಫೋಟೋ ತೆಗೆದಳು. ಹೆಂಡತಿ ಕೇಳದೆಯೇ ಎರಡನೇ ಲೋಟ ಕಾಫಿ ಕೊಟ್ಟಳು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಷ್ಟರಲ್ಲಿ ಹಾಲು ಕೊಡಲು ಬಂದ ಮುನಿಯಮ್ಮ ಬಗ್ಗಿ ನೋಡಿ ಚೊಂಬು ಕೆಳಗಿಟ್ಟಳು.

"ಅಯ್ಯೋ ದ್ಯಾವ್ರೇ! ಎಲ್ಲಾ ಎಣ್ಣು ಊವೇ ಕಿತ್ತಿದೀರಲ್ಲಾ ಮೇಷ್ಟ್ರೇ! ಈ ಗಂಟೇ ಅಲ್ವಾ ಕಾಯಾಗೋದು? ಮಗಳ ಸೀಮಂತದ ಊಟಕ್ಕೆ ಈ ಬಳ್ಳೀನೇ ನಂಬ್ಕೊಂಡಿದ್ನಲ್ಲಾ!"

ಒಂದು ಸೀಮಂತದ ಹುಳಿಯನ್ನೇ ನಾನು ಸಗಣಿಗೆ ಚುಚ್ಚಿಟ್ಟಿದ್ದೆ. ನಾಚಿಕೆಯಿಂದ ಕ್ಯಾಪನ್ನು ಗಲ್ಲದವರೆಗೂ ಎಳೆದುಕೊಂಡು, ಈಗ ಏನು ಮಾಡಲಮ್ಮ ಎಂದೆ.

"ಇನ್ನೂ ಮೊಗ್ಗು ಬತ್ತವೆ. ಆದ್ರೆ ಈ ಚಳೀಗೆ ಜೇನು ಎದ್ದು ಬರೋದು ಲೇಟು. ದಿನಾ ಒತ್ತಾರೆ ಬಂದು ನೀವೇ ಊವಿಗೆ ಊವು ಮುಟ್ಸಿ, ನಾನ್ ತೋರುಸ್ತೀನಿ."

ಮರುದಿನದಿಂದ ಶಾಲೆಗೆ ಹೋಗಲು ಬಂಗಾರಪೇಟೆಯ ರೈಲು ಹಿಡಿಯುವ ಮೊದಲು ನಾನೇ ಜೇನುಹುಳು. ಮುನಿಯಮ್ಮ ಒಂದು ಹೂವಿನ ಎಸಳು ಬಿಡಿಸಿ, ಇದು ಗಂಡು, ಅದು ಎಣ್ಣು, ಈ ಪುಡಿ ಅಲ್ಲಿಗೆ ಓಗ್ಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದಳು. ನಾನು ತಲೆಯಾಡಿಸಿದೆ. ಹತ್ತು ದಿನಕ್ಕೆ ಮೂರು ಹೀಚುಕಾಯಿ ನಿಂತವು, ಲಿಂಬೆಹಣ್ಣಿನ ಗಾತ್ರಕ್ಕೆ ಬಂದವು. ಆ ಮೂರನ್ನು ಕಂಡು ನಾವಿಬ್ಬರೂ ತಿಪ್ಪೆಯ ಪಕ್ಕದಲ್ಲೇ ಕುಣಿಯುವುದೊಂದು ಬಾಕಿ.

ಮುನಿಯಮ್ಮನಿಗೆ ಖುಷಿಯಲ್ಲಿ ಮಾತಾಡುವ ಮನಸ್ಸಾಯಿತು. "ಅಲ್ಲಾ ಮೇಷ್ಟ್ರೇ, ಇಸ್ಕೂಲಾಗೆ ನೀವು ಏನ್ ಪಾಠ ಮಾಡ್ತೀರ?"

ಹದಿನೆಂಟು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಕುಂಬಳದ ಗಂಡು ಹೂ, ಹೆಣ್ಣು ಹೂ ಎರಡನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು, ವ್ಯತ್ಯಾಸ ಹೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

"ಗಣಿತ" ಎಂದೆ.