ಹೆಂಗಸರ ಕಡೆ, ಕಂಬದ ಪಕ್ಕ

ನಮ್ಮೂರ ಚರ್ಚಿನಲ್ಲಿ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಮನೆಗೆ ಬಂದು ಅದನ್ನು ಹೇಳಿ ನಗಿಸುತ್ತಿದ್ದವಳು ನನ್ನ ಹೆಂಡತಿ. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ನಡೆಯುವುದು ಮಾತ್ರ ನಿಂತಿಲ್ಲ. ಹೇಳೋಕೆ ಮನೆಯಲ್ಲಿ ಜನ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಗಂಟೆ

ಚರ್ಚು ಕಟ್ಟಿಸಿದ್ದು ನನ್ನ ತಾತನ ಕಾಲದಲ್ಲಿ, ಒಬ್ಬ ಬಿಳಿ ಪಾದ್ರಿ. ಮಣ್ಣಿನ ಗೋಡೆ, ನಾಡ ಹೆಂಚು. ಗಂಟೆ ಹೊಡೆಯುವ ಕೆಲಸ ನಮ್ಮ ಮನೆಗೆ ಬಂತು. ನನ್ನ ಕಾಲಕ್ಕೆ ಹೆಸರು ನನ್ನದು, ಹಗ್ಗ ಎಳೆಯುತ್ತಿದ್ದವಳು ನನ್ನ ಹೆಂಡತಿ. ಆಗ ಯಾರ ಕೈಲೂ ವಾಚಿಲ್ಲ. ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಕೇಳಿದರೆ ನಾಲೆ ಕೆಳಗೆ ನಾಟಿ ಹಾಕುವ ಹೆಂಗಸರೆಲ್ಲ ಊಟಕ್ಕೆ ಏಳುವರು. ಯಾವ ಜಾತಿಯಾದರೂ ಸರಿ, ಅದೇ ಗಂಟೆ.

ಒಂದು ದಿನ ಹೊತ್ತು ವಾಲಿದರೂ ಗಂಟೆ ಇಲ್ಲ. ಗದ್ದೆಯ ಯಜಮಾನರು ಬೇಕಂತಲೇ ಸುಮ್ಮನಿದ್ದರು. ಹೆಂಗಸರು ಕೆಸರು ಕಾಲಲ್ಲೇ ನಮ್ಮ ಮನೆ ಮುಂದೆ ಬಂದು ನಿಂತರು.

"ಏನವ್ವ, ಇವತ್ತು ನಿಮ್ಮ ದೇವ್ರು ಏಸಪ್ಪ ಮಲಗ್ಬುಟ್ನಾ?"

"ಏಸಪ್ಪ ಎದ್ದವ್ನೆ ಕಣವ್ವ. ನನ್ನ ಸೊಪ್ಪಿನ ಸಾರು ಇನ್ನೂ ಕುದ್ದಿಲ್ಲ" ಅಂದಳು ನನ್ನವಳು.

ಮಾರನೇ ದಿನದಿಂದ ಆ ಹೆಂಗಸರು ಗದ್ದೆಗೆ ಹೋಗುವಾಗ ನಮ್ಮ ಒಲೆ ಹತ್ತಿದೆಯಾ ಅಂತ ಇಣುಕಿ ನೋಡಿಯೇ ಹೋಗುವರು.

ಚಾಪೆ ಹೋಗಿ ಬೆಂಚು

ಹೆಂಚು ಹೋಗಿ ತಾರಸಿ ಬಂತು. ಚಾಪೆ ಹೋಗಿ ಬೆಂಚು ಬಂತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಅದೊಂದು ಬದಲಾಗಿರಲಿಲ್ಲ. ಅವಳದು ಕಂಬದ ಪಕ್ಕದ ಜಾಗ.

ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಫಾದರ್ ಒಂದು ಭಾನುವಾರ, "ಇನ್ಮೇಲೆ ಗಂಡ ಹೆಂಡತಿ ಜೊತೇಲಿ ಕೂತ್ಕೋಬೇಕು" ಅಂದರು. ನಾನು ಎದ್ದೆ. ಪಂಚೆ ಸರಿಮಾಡಿಕೊಂಡೆ. ಅವಳ ಪಕ್ಕ ಹೋಗಿ ಕೂತೆ. ಮದುವೆ ದಿನ ಬಿಟ್ಟರೆ ಚರ್ಚಿನಲ್ಲಿ ನಾವು ಜೊತೆಗೆ ಕೂತದ್ದು ಅದೇ.

ಅವಳು ಮುಂದಕ್ಕೆ ನೋಡಿಕೊಂಡೇ ಅಂದಳು: "ವಾರಕ್ಕೆ ಒಂದ್ಗಂಟೆ ನೆಮ್ದಿ ಇತ್ತು. ಅದಕ್ಕೂ ಬಂದ್ರಾ?"

ಹಿಂದಿನ ಬೆಂಚಿನವರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಎದ್ದು ನನ್ನ ಕಡೆಗೆ ವಾಪಸ್ ಬಂದೆ. ಫಾದರ್ ಆ ಮಾತು ಮತ್ತೆ ಎತ್ತಲಿಲ್ಲ.

ನನಗೆ ನಿತ್ಯ ವಿಶ್ರಾಂತಿ

ಈಗ ಊರಲ್ಲಿ ಫಾದರ್ ಇಲ್ಲ. ಭಾನುವಾರ ನಂಜನಗೂಡು ಕಡೆಯಿಂದ ಬೈಕಿನಲ್ಲಿ ಬರುತ್ತಾರೆ. ಊರು ಹಲವು, ಫಾದರ್ ಒಬ್ಬರೇ. ಅವಳ ನಲವತ್ತನೇ ದಿನದ ಪೂಜೆಗೆ ಮಳೆಯಲ್ಲಿ ನೆನೆದುಕೊಂಡು ಓಡಿ ಬಂದರು. ಸತ್ತವರ ಹೆಸರು, ಪೂಜೆ ಮಾಡಿಸುವವರ ಹೆಸರು ಎರಡನ್ನೂ ಬಾಗಿಲಲ್ಲೇ ಕೇಳಿಕೊಂಡರು. ಒಳಗೆ ಹೋಗುವಷ್ಟರಲ್ಲಿ ಅದಲುಬದಲಾಯಿತು. "ನಮ್ಮನ್ನು ಅಗಲಿದ ಸಹೋದರ" ಅಂತ ನನ್ನ ಹೆಸರು ಹೇಳಿ, ನನ್ನ ಆತ್ಮಕ್ಕೆ ನಿತ್ಯ ವಿಶ್ರಾಂತಿ ಬೇಡಿದರು. ಎಲ್ಲರೂ ಆಮೆನ್ ಅಂದರು. ಬಾಯಿಗೆ ಬಂದುಬಿಟ್ಟಿತು, ನಾನೂ ಅಂದೆ.

ಪಕ್ಕದ ಮನೆಯವಳು, ನನ್ನ ಹೆಂಡತಿಯ ಗೆಳತಿ, ಹೆಂಗಸರ ಕಡೆಯಿಂದ ಪಿಸುಗುಟ್ಟಿದಳು: "ಎದ್ದು ಯೋಳಣ್ಣ, ಬದುಕಿವ್ನಿ ಅಂತ!"

"ಬುಡವ್ವ" ಅಂದೆ. "ಫಾದರ್ ಎಚ್ಚುಕಮ್ಮಿ ಸರಿಯಾಗೇ ಯೋಳವ್ರೆ."

ತುಂಬಿದ ಚರ್ಚು

ನಮ್ಮವರು ಒಬ್ಬೊಬ್ಬರಾಗಿ ಪಟ್ಟಣ ಸೇರಿದರು. ಉಳಿದವರಿಗೆ ಎರಡು ಬೆಂಚೇ ಹೆಚ್ಚು. ಮೈಸೂರಿನಿಂದ ದೊಡ್ಡ ಫಾದರ್ ನೋಡೋಕೆ ಬರುತ್ತಾರೆ, ಜನ ಇಲ್ಲದಿದ್ದರೆ ಬೀಗ ಅಂತ ಸುದ್ದಿ ಬಂತು. ನನಗೆ ದಿಗಿಲು ಹತ್ತಿತು. ಅವಳನ್ನು ಹೂತ ಕಡೆ ಇರೋದು ಕಲ್ಲು. ಅವಳು ಇರೋದು ಆ ಕಂಬದ ಪಕ್ಕ. ಬೀಗ ಬಿದ್ದರೆ ಭಾನುವಾರ ನಾನು ಎಲ್ಲಿ ಕೂತು ಯಾವ ಕಡೆ ನೋಡಲಿ?

ಪಕ್ಕದ ಮನೆಯವಳು ಕೇಳಿಸಿಕೊಂಡು, "ಜನ ತಾನೆ ಬೇಕಾಗಿರಾದು? ಊರ್ ತುಂಬ ಅವ್ರೆ, ಸುಮ್ಕಿರಣ್ಣ" ಅಂದಳು.

ಭಾನುವಾರ ಊರಿಗೆ ಊರೇ ಬಂತು. ಹಣೆಯ ವಿಭೂತಿ ಒರೆಸಿಕೊಂಡು ಬಂದವರು, ಚರ್ಚಿಗೆ ಪ್ರದಕ್ಷಿಣೆ ಹಾಕಿದವರು, ತೆಂಗಿನಕಾಯಿ ಹಿಡಿದು ಎಲ್ಲಿ ಒಡೆಯೋದು ಅಂತ ಹುಡುಕುವವರು. ಯಾರಿಗೂ ಚರ್ಚಿನ ಪೂಜೆ ಗೊತ್ತಿಲ್ಲ. ನಾನು ಏನು ಮಾಡ್ತೀನೋ ಅದನ್ನೇ ಮಾಡಿ ಅಂತ ಹೇಳಿದ್ದೆ. ನಾನು ಎದ್ದರೆ ಎದ್ದರು. ಮಂಡಿ ಊರಿದರೆ ಊರಿದರು. ನನಗೆ ಕೆಮ್ಮು ಬಂತು. ಎಲ್ಲರೂ ಕೆಮ್ಮಿದರು.

ದೊಡ್ಡ ಫಾದರ್‌ಗೆ ಕಣ್ಣು ತುಂಬಿ ಬಂತು. "ಇಂಥಾ ಭಕ್ತಿ ಎಲ್ಲೂ ನೋಡಿಲ್ಲ. ಇದನ್ನ ಮುಚ್ಚೋ ಮಾತೇ ಇಲ್ಲ" ಅಂದರು. ಆಮೇಲೆ ಅವರ ಕಣ್ಣು ಕಂಬದ ಹತ್ತಿರ ಹೋಯಿತು. ಹೆಂಗಸರು ಜಾಗ ಸಾಲದೆ ಗೋಡೆಗೆ ಒರಗಿ ನಿಂತಿದ್ದಾರೆ. ಅದೊಂದು ಜಾಗ ಖಾಲಿ. ಕೂರಬೇಡಿ ಅಂತ ನಾನು ಯಾರಿಗೂ ಹೇಳಿರಲಿಲ್ಲ.

"ಅಲ್ಲಿ ಯಾರಮ್ಮ?"

ಒಬ್ಬರು ಕಮ್ಮಿಯಾದರೂ ಬೀಗ ಬಿದ್ದೀತು ಅಂತ ಪಕ್ಕದ ಮನೆಯವಳಿಗೆ ಭಯ. "ಈಗ್ತಾನೆ ಎದ್ದೋದ್ಲು ಸಾ. ಬತ್ತಾಳೆ" ಅಂದುಬಿಟ್ಟಳು.

"ಬರಲಿ, ಅವರಿಗೂ ಆಶೀರ್ವಾದ ಮಾಡೇ ಹೋಗ್ತೀನಿ" ಅಂತ ದೊಡ್ಡ ಫಾದರ್ ನಿಂತೇಬಿಟ್ಟರು.

ನಾನು ತಿರುಗಿ ಬಾಗಿಲ ಕಡೆ ನೋಡಿದೆ. ನಾನು ಮಾಡಿದ್ದನ್ನೇ ಮಾಡಬೇಕಲ್ಲ, ಊರಿಗೆ ಊರೇ ತಿರುಗಿ ಬಾಗಿಲು ನೋಡುತ್ತಾ ಕೂತಿತು.